ಖುಲಾಸೆಯ ವಿರುದ್ಧ ಮೇಲ್ಮನವಿ: ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಸಣ್ಣ ಪ್ರಕರಣಗಳು

ಮ್ಯಾಜಿಸ್ಟ್ರೇಟರು ಆರೋಪಿಯನ್ನು ಖುಲಾಸೆ ಮಾಡಿದಾಗ ಅಥವಾ ಪ್ರಕರಣವನ್ನು ಬೇರೆ ಬಗೆಯಲ್ಲಿ ಮುಗಿಸಿದಾಗ, ಆ ಆದೇಶವನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಲು ಸರ್ಕಾರಕ್ಕೂ ಫಿರ್ಯಾದಿಗೂ ಸಂತ್ರಸ್ತರಿಗೂ ಭಾರತದ ಕಾನೂನು ಬೇರೆ ಬೇರೆ ದಾರಿಗಳನ್ನು ಇಟ್ಟಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 378ನೇ ಕಲಂನಲ್ಲಿದ್ದ ಈ ವ್ಯವಸ್ಥೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 419ನೇ ಕಲಂನಲ್ಲಿ ಹೆಚ್ಚು ಬದಲಾವಣೆ ಇಲ್ಲದೆ ಮುಂದುವರಿದಿದೆ. ಕೊಲೆ, ದರೋಡೆಗಳಂಥ ದೊಡ್ಡ ಪ್ರಕರಣಗಳಲ್ಲಿ ಈ ದಾರಿ ನೇರವಾಗಿದೆ. ಜೆ.ಎಂ.ಎಫ್.ಸಿ., ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಕೋರ್ಟುಗಳಲ್ಲಿ ದಿನನಿತ್ಯ ನಡೆಯುವ ಅಜಾಗರೂಕ ಚಾಲನೆ, ಹೊಡೆದಾಟ, ಬೈಗುಳ, ಚೆಕ್ ಅಮಾನ್ಯದಂಥ ಪ್ರಕರಣಗಳಲ್ಲಿಯೇ ಅದು ಕವಲೊಡೆದು ತೊಡಕಾಗುತ್ತದೆ. ಅಪರಾಧ ಚಿಕ್ಕದಾದಷ್ಟೂ ಸರ್ಕಾರ ಮೆಟ್ಟಿಲೇರಬೇಕಾದ ನ್ಯಾಯಾಲಯ ದೂರವಾಗುತ್ತದೆ ಎಂಬುದು ಈ ಕಾನೂನಿನ ವಿಚಿತ್ರ.

ಮ್ಯಾಜಿಸ್ಟ್ರೇಟರು ಒಮ್ಮೆ ಸಹಿ ಹಾಕಿದ ತೀರ್ಪನ್ನು ಅವರೇ ತಿದ್ದುವಂತಿಲ್ಲ. ಲೆಕ್ಕದ ತಪ್ಪು, ಬರಹದ ತಪ್ಪಿನಂಥವು ಮಾತ್ರ ಇದಕ್ಕೆ ಹೊರತು. ತೀರ್ಪು ತಪ್ಪೆನಿಸಿದವರು ಮೇಲಿನ ನ್ಯಾಯಾಲಯಕ್ಕೇ ಹೋಗಬೇಕು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ, ಶಿಕ್ಷೆ ಕೂಡದೆಂದು ಸಂವಿಧಾನದ 20(2)ನೇ ವಿಧಿ ಹೇಳುತ್ತದಲ್ಲ, ಹಾಗಾದರೆ ಖುಲಾಸೆಯಾದವನನ್ನು ಮತ್ತೆ ಕಟಕಟೆಗೆ ಎಳೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ಮೇಲ್ಮನವಿಯು ಅದೇ ವಿಚಾರಣೆಯ ಮುಂದುವರಿಕೆಯೇ ಹೊರತು ಎರಡನೆಯ ವಿಚಾರಣೆಯಲ್ಲ ಎಂಬುದು ನ್ಯಾಯಾಲಯಗಳ ಉತ್ತರ. ಅಮೆರಿಕದ ಕಾನೂನು ಈ ಉತ್ತರವನ್ನು ಒಪ್ಪಿಲ್ಲ. ಅಲ್ಲಿ ಖುಲಾಸೆ ಎಂದರೆ ಮುಗಿಯಿತು. ಇಂಗ್ಲೆಂಡಿನದು ನಡುವಿನ ದಾರಿ. ಅಲ್ಲಿಯ ಮ್ಯಾಜಿಸ್ಟ್ರೇಟರು ಆರೋಪವನ್ನು ತಳ್ಳಿಹಾಕಿದರೆ ಅಭಿಯೋಜನೆಯು ಕಾನೂನಿನ ಪ್ರಶ್ನೆಯ ಮೇಲೆ ಮಾತ್ರ, 21 ದಿನಗಳೊಳಗೆ, ಪ್ರಕರಣದ ಸಂಗತಿಗಳನ್ನು ಬರೆದು ಹೈಕೋರ್ಟಿಗೆ ಕಳಿಸಿಕೊಡುವಂತೆ ಆ ಮ್ಯಾಜಿಸ್ಟ್ರೇಟರನ್ನೇ ಕೋರಬಹುದು. 1857ರಲ್ಲಿ ಶುರುವಾದ ಈ ಪದ್ಧತಿ ಈಗ 1980ರ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಕಾಯ್ದೆಯಲ್ಲಿದೆ. ಸಾಕ್ಷ್ಯವನ್ನು ಮೊದಲಿಂದ ತೂಗುವ ಅಧಿಕಾರ ಆ ಹೈಕೋರ್ಟಿಗೆ ಇಲ್ಲ. ಭಾರತದ ಮೇಲ್ಮನವಿ ನ್ಯಾಯಾಲಯಕ್ಕೆ ಅದು ಪೂರ್ತಿ ಇದೆ.

ಹಿನ್ನೆಲೆ

1861ರ ಮೊದಲ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಖುಲಾಸೆಯ ವಿರುದ್ಧ ಮೇಲ್ಮನವಿಗೆ ಎಡೆಯೇ ಇರಲಿಲ್ಲ. 1872ರ ಸಂಹಿತೆ ಆ ಹಕ್ಕನ್ನು ಸರ್ಕಾರಕ್ಕೆ ಕೊಟ್ಟಿತು. 1898ರ ಸಂಹಿತೆಯ 417ನೇ ಕಲಂ ಅದನ್ನು ಉಳಿಸಿಕೊಂಡಿತು. ಪ್ರಜೆಯೊಬ್ಬನನ್ನು ನಿರ್ದೋಷಿ ಎಂದು ನ್ಯಾಯಾಲಯ ಹೇಳಿದ ಮೇಲೂ ಅವನನ್ನು ಬಿಡದ ಈ ಅಧಿಕಾರ ವಸಾಹತು ಸರ್ಕಾರ ತನಗಾಗಿ ಮಾಡಿಕೊಂಡದ್ದು ಎಂಬುದನ್ನು ಮರೆಯಬಾರದು. ಖಾಸಗಿ ಫಿರ್ಯಾದಿಗೆ, ಹೈಕೋರ್ಟಿನ ವಿಶೇಷ ಅನುಮತಿ ಪಡೆದು ಮೇಲ್ಮನವಿ ಸಲ್ಲಿಸುವ ಅವಕಾಶ ಸಿಕ್ಕಿದ್ದು 1955ರ ತಿದ್ದುಪಡಿಯಿಂದ. 1973ರ ಸಂಹಿತೆ ಸರ್ಕಾರಕ್ಕೂ ಒಂದು ಕಡಿವಾಣ ಹಾಕಿ, ಹೈಕೋರ್ಟಿನ ಅನುಮತಿ ಇಲ್ಲದೆ ಅದರ ಮೇಲ್ಮನವಿಯೂ ದಾಖಲಾಗದಂತೆ ಮಾಡಿತು.

ಇಂದಿನ ಕವಲುಗಳಿಗೆ ಕಾರಣ 2005ರ ತಿದ್ದುಪಡಿ. ಮ್ಯಾಜಿಸ್ಟ್ರೇಟರ ಬೇಜವಾಬ್ದಾರಿ ಖುಲಾಸೆಗಳಿಗೆ ತಡೆ ಹಾಕುವ ಉದ್ದೇಶದಿಂದ, ಕೆಲವು ಪ್ರಕರಣಗಳ ಮೇಲ್ಮನವಿಯನ್ನು ಹತ್ತಿರದ ಸೆಷನ್ಸ್ ನ್ಯಾಯಾಲಯಕ್ಕೆ ವಹಿಸಲಾಯಿತು. ಯಾವುವು ಆ ಕೆಲವು? ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧಗಳು, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಮತ್ತು ಜಾಮೀನು ಹಕ್ಕಾಗಿ ಸಿಗದ ಅಪರಾಧಗಳು. ಇವುಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರು, ಎಂದರೆ ಜಿಲ್ಲಾಧಿಕಾರಿ, ಸರ್ಕಾರಿ ಅಭಿಯೋಜಕರಿಗೆ ಸೂಚಿಸಿದರೆ ಸಾಕು. ಯಾರ ಅನುಮತಿಯೂ ಬೇಡ. ಇದರಲ್ಲಿ ಸೇರದ್ದೆಲ್ಲವೂ ಮೊದಲಿನಂತೆಯೇ ರಾಜ್ಯ ಸರ್ಕಾರದ ನಿರ್ದೇಶನ ಮತ್ತು ಹೈಕೋರ್ಟಿನ ಅನುಮತಿಗೆ ಕಾಯಬೇಕು. ಸಿಬಿಐಯಂಥ ಕೇಂದ್ರ ಸಂಸ್ಥೆ ತನಿಖೆ ಮಾಡಿದ್ದರೆ ಇದೇ ಅಧಿಕಾರವನ್ನು ಕೇಂದ್ರ ಸರ್ಕಾರವೂ ಚಲಾಯಿಸಬಹುದು.

ಒಂದೇ ಕೋರ್ಟು, ಎರಡು ದಾರಿ

ಬಂಟ್ವಾಳದ ಜೆ.ಎಂ.ಎಫ್.ಸಿ. ನ್ಯಾಯಾಲಯದಲ್ಲಿ ಒಂದೇ ದಿನ ಎರಡು ಖುಲಾಸೆಗಳಾದವು ಎಂದು ಭಾವಿಸೋಣ. ಒಂದು, ಬೈಕ್ ಕಳವಿನ ಪ್ರಕರಣ. ಇನ್ನೊಂದು, ಹೆದ್ದಾರಿಯಲ್ಲಿ ಅಜಾಗರೂಕತೆಯಿಂದ ಟೆಂಪೊ ಓಡಿಸಿದ ಪ್ರಕರಣ. ಬೈಕ್ ಕಳವು ಸಂಜ್ಞೇಯ, ಜಾಮೀನುರಹಿತ. ಸರ್ಕಾರದ ಮೇಲ್ಮನವಿ ಮಂಗಳೂರಿನ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅಜಾಗರೂಕ ಚಾಲನೆ ಸಂಜ್ಞೇಯವಾದರೂ ಜಾಮೀನು ಸಿಗುವಂಥದ್ದು, ಅದಕ್ಕಿರುವ ಶಿಕ್ಷೆ ಹೆಚ್ಚೆಂದರೆ 6 ತಿಂಗಳ ಸೆರೆ ಇಲ್ಲವೆ 1,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಅದರ ಕಡತ ಘಟ್ಟ ಹತ್ತಿ ಬೆಂಗಳೂರಿನ ಹೈಕೋರ್ಟಿಗೆ ಬರಬೇಕು, ಅಲ್ಲಿ ಮೊದಲು ಅನುಮತಿ ಪಡೆಯಬೇಕು. ಕಾರವಾರದ್ದಾದರೆ ಧಾರವಾಡ ಪೀಠಕ್ಕೆ, ಬೀದರಿನದ್ದಾದರೆ ಕಲಬುರಗಿ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಈ ಎರಡು ಪೀಠಗಳು ಉತ್ತರ ಕರ್ನಾಟಕದವರ ಪ್ರಯಾಣವನ್ನು ಕಡಿಮೆ ಮಾಡಿವೆ, ಕಾನೂನಿನ ಮೆಟ್ಟಿಲನ್ನಲ್ಲ.

ಅಜಾಗರೂಕತೆಯಿಂದ ಸಾವು ಸಂಭವಿಸಿದ ಪ್ರಕರಣಕ್ಕೂ ಇದೇ ಗತಿ. ಹಳೆಯ ದಂಡ ಸಂಹಿತೆಯ 304ಎ ಕಲಂ ಅಡಿ ಅದಕ್ಕೆ 2 ವರ್ಷದವರೆಗೆ ಶಿಕ್ಷೆ ಇತ್ತು, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಅದು 5 ವರ್ಷಕ್ಕೆ ಏರಿದೆ. ಆದರೂ ಜಾಮೀನು ಸಿಗುವ ಅಪರಾಧವಾಗಿಯೇ ಉಳಿದಿರುವುದರಿಂದ ಮೇಲ್ಮನವಿ ಹೈಕೋರ್ಟಿಗೇ. ಕಳವಿನ ವಿಷಯದಲ್ಲಿ ನ್ಯಾಯ ಸಂಹಿತೆ ಇನ್ನೊಂದು ಗೆರೆ ಎಳೆದಿದೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪಿತಸ್ಥನಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಈ ಬೆಲೆಯ ಕಳವನ್ನು ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿ ಅಸಂಜ್ಞೇಯ, ಜಾಮೀನೀಯ ಎಂದು ಗುರುತಿಸಿದೆ. ಹೀಗಾಗಿ ಹಳೆಯ ಮೊಬೈಲು ಕದ್ದ ಆರೋಪದಿಂದ ಖುಲಾಸೆಯಾದರೆ ಸರ್ಕಾರ ಹೈಕೋರ್ಟಿಗೆ ಹೋಗಬೇಕು, ಹೊಸ ಬೈಕು ಕದ್ದ ಆರೋಪವಾದರೆ ಜಿಲ್ಲಾ ಕೇಂದ್ರ ಸಾಕು. ಇದನ್ನು ಬೇಕೆಂದು ಯಾರೂ ಯೋಜಿಸಿರಲಾರರು. ಜಾಮೀನಿಗಾಗಿ ಮಾಡಿದ ವಿಂಗಡಣೆಯನ್ನು ಮೇಲ್ಮನವಿಗೂ ಎರವಲು ತಂದದ್ದರ ಫಲ ಇದು.

ಪ್ರಕರಣ ಮುಗಿದ ಬಗೆ

ಈ ಮೇಲ್ಮನವಿ ಸಲ್ಲುವುದು ಖುಲಾಸೆಯ ವಿರುದ್ಧ ಮಾತ್ರ. ಮ್ಯಾಜಿಸ್ಟ್ರೇಟರ ಮುಂದೆ ಪ್ರಕರಣ ಮುಗಿಯುವ ಬಗೆಗಳು ಹಲವು. ಜನರ ಬಾಯಲ್ಲಿ ಎಲ್ಲಕ್ಕೂ ‘ಕೇಸು ಬಿದ್ದುಹೋಯಿತು’ ಎಂಬ ಒಂದೇ ಮಾತು. ವಕೀಲರು ಮೊದಲು ನೋಡುವುದು ಹೇಗೆ ಬಿತ್ತು ಎಂಬುದನ್ನು.

ಖಾಸಗಿ ಫಿರ್ಯಾದನ್ನು ಪ್ರಾರಂಭದಲ್ಲೇ, ಆರೋಪಿಗೆ ಸಮನ್ಸ್ ಕೊಡುವ ಮೊದಲೇ, ಹುರುಳಿಲ್ಲವೆಂದು ವಜಾ ಮಾಡಿದರೆ ಅದು ಖುಲಾಸೆಯಲ್ಲ. ದೋಷಾರೋಪಣ ಪಟ್ಟಿಯನ್ನು ನೋಡಿ ಆರೋಪ ಹೊರಿಸಲು ಆಧಾರವಿಲ್ಲವೆಂದು ಆರೋಪಿಯನ್ನು ಬಿಡುಗಡೆ ಮಾಡಿದರೆ, ಅಂದರೆ ಡಿಸ್ಚಾರ್ಜ್ ಮಾಡಿದರೆ, ಅದೂ ಖುಲಾಸೆಯಲ್ಲ. ಈ ಎರಡರ ವಿರುದ್ಧವೂ 90 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯದಲ್ಲೋ ಹೈಕೋರ್ಟಿನಲ್ಲೋ ಪುನರೀಕ್ಷಣಾ ಅರ್ಜಿ, ಕೋರ್ಟಿನ ಮಾತಲ್ಲಿ ರಿವಿಷನ್, ಹಾಕಬೇಕು. ವಜಾ ಆದ ಫಿರ್ಯಾದನ್ನು ಮತ್ತೊಮ್ಮೆ ಸಲ್ಲಿಸಲು ಪೂರ್ಣ ನಿಷೇಧವೇನೂ ಇಲ್ಲ. ಆದರೆ ಅದೇ ಸಂಗತಿಗಳ ಮೇಲಿನ ಎರಡನೇ ಫಿರ್ಯಾದನ್ನು ಅಸಾಧಾರಣ ಸಂದರ್ಭದಲ್ಲಷ್ಟೇ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 1962ರಷ್ಟು ಹಿಂದೆಯೇ ಹೇಳಿದೆ.

ಸಣ್ಣ ಪ್ರಕರಣಗಳಲ್ಲಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ಫಿರ್ಯಾದಿಯ ಗೈರುಹಾಜರಿ. 2 ವರ್ಷಕ್ಕೆ ಮೀರದ ಶಿಕ್ಷೆಯ ಪ್ರಕರಣಗಳನ್ನು ಸಮನ್ಸ್ ಪ್ರಕರಣಗಳೆನ್ನುತ್ತಾರೆ. ಖಾಸಗಿ ಫಿರ್ಯಾದಿನ ಮೇಲೆ ನಡೆಯುವ ಇಂಥ ಪ್ರಕರಣದಲ್ಲಿ ಕೂಗಿದಾಗ ಫಿರ್ಯಾದಿ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಖುಲಾಸೆ ಮಾಡಬಹುದು. ಒಬ್ಬ ಸಾಕ್ಷಿಯೂ ನುಡಿಯದೆ, ಸತ್ಯಾಸತ್ಯ ಏನೆಂದು ಯಾರೂ ನೋಡದೆ ಆದ ಈ ಆದೇಶ ಕಾನೂನಿನ ಕಣ್ಣಲ್ಲಿ ಪೂರ್ಣ ಖುಲಾಸೆ. ಹೊಸ ಫಿರ್ಯಾದು ಹಾಕಲು ಅವಕಾಶವಿಲ್ಲ, ಮೇಲ್ಮನವಿಯೊಂದೇ ದಾರಿ. ಚೆಕ್ ಅಮಾನ್ಯದ ಪ್ರಕರಣಗಳಲ್ಲಿ ಹೀಗೆ ಒಂದು ದಿನದ ಗೈರುಹಾಜರಿಗೆ ಲಕ್ಷಾಂತರ ರೂಪಾಯಿಯ ಹಕ್ಕು ಕೈಬಿಟ್ಟವರಿದ್ದಾರೆ. ಆ ದಿನ ಫಿರ್ಯಾದಿಯ ಹಾಜರಿ ನಿಜಕ್ಕೂ ಅಗತ್ಯವಿತ್ತೇ ಎಂದು ಯೋಚಿಸದೆ ಯಾಂತ್ರಿಕವಾಗಿ ಖುಲಾಸೆ ಮಾಡುವುದು ತಪ್ಪೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಎಚ್ಚರಿಸಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಖುಲಾಸೆಗೆ ಮುನ್ನ ಫಿರ್ಯಾದಿಗೆ 30 ದಿನಗಳ ಕಾಲಾವಕಾಶ ಕೊಡಬೇಕೆಂದಿದೆ. ಬಹಳ ದಿನಗಳಿಂದ ಬೇಕಾಗಿದ್ದ ತಿದ್ದುಪಡಿ.

ಪೊಲೀಸರು ಸಲ್ಲಿಸಿದ ಸಮನ್ಸ್ ಪ್ರಕರಣವನ್ನು ಮ್ಯಾಜಿಸ್ಟ್ರೇಟರು ನಡುವೆಯೇ ನಿಲ್ಲಿಸುವುದೂ ಉಂಟು. ಮುಖ್ಯ ಸಾಕ್ಷಿಗಳ ಹೇಳಿಕೆ ದಾಖಲಾದ ಮೇಲೆ ನಿಲ್ಲಿಸಿದರೆ ಅದು ಖುಲಾಸೆ, ಅದಕ್ಕೂ ಮುಂಚೆಯಾದರೆ ಬರೀ ಬಿಡುಗಡೆ. ಒಂದರ ವಿರುದ್ಧ ಮೇಲ್ಮನವಿ, ಇನ್ನೊಂದರ ವಿರುದ್ಧ ರಿವಿಷನ್.

ದಾರಿ ತಪ್ಪಿದರೆ ಬರಿಯ ತಾಂತ್ರಿಕ ದೋಷವಾಗಿ ಮುಗಿಯುವುದಿಲ್ಲ. ರಿವಿಷನ್ ಕೇಳುವ ಹೈಕೋರ್ಟು ಖುಲಾಸೆಯನ್ನು ರದ್ದುಮಾಡಿ ಮರುವಿಚಾರಣೆಗೆ ಕಳಿಸಬಹುದೇ ಹೊರತು ತಾನೇ ಶಿಕ್ಷೆ ವಿಧಿಸುವಂತಿಲ್ಲ. ಈ ಗೆರೆಯನ್ನು ದಾಟಿದ ಹೈಕೋರ್ಟಿನ ತೀರ್ಪೊಂದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ತಳ್ಳಿಹಾಕಿತು.

ಫಿರ್ಯಾದಿ ಮತ್ತು ಸಂತ್ರಸ್ತ

ಪೊಲೀಸ್ ವರದಿಯ ಮೇಲಲ್ಲದೆ ಫಿರ್ಯಾದಿನ ಮೇಲೆ ನಡೆದ ಪ್ರಕರಣದಲ್ಲಿ ಖುಲಾಸೆಯಾದರೆ ಫಿರ್ಯಾದಿ ಹೈಕೋರ್ಟಿನ ವಿಶೇಷ ಅನುಮತಿ ಕೋರಬೇಕು. ಸಾಮಾನ್ಯ ಫಿರ್ಯಾದಿಗೆ 60 ದಿನ, ಸರ್ಕಾರಿ ನೌಕರನಾದ ಫಿರ್ಯಾದಿಗೆ 6 ತಿಂಗಳು ಗಡುವು. ಆಹಾರ ಕಲಬೆರಕೆ, ತೂಕ ಮತ್ತು ಅಳತೆ, ಕಾರ್ಮಿಕ ಕಾಯ್ದೆಗಳ ಇನ್ಸ್‌ಪೆಕ್ಟರುಗಳು ಹಾಕುವ ಪ್ರಕರಣಗಳು ಈ ಗುಂಪಿನವು. ಫಿರ್ಯಾದಿ ಸರ್ಕಾರಿ ಅಧಿಕಾರಿಯಾದರೂ, ಪ್ರಕರಣ ಫಿರ್ಯಾದಿನಿಂದ ಶುರುವಾಗಿದ್ದರೆ ಸೆಷನ್ಸ್ ನ್ಯಾಯಾಲಯದ ದಾರಿ ಇಲ್ಲ, ಹೈಕೋರ್ಟಿಗೇ ಬರಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಕಲಬೆರಕೆಯ ಪ್ರಕರಣವೊಂದರಲ್ಲೇ ತೀರ್ಮಾನಿಸಿತು. ಫಿರ್ಯಾದಿಗೆ ವಿಶೇಷ ಅನುಮತಿ ಸಿಗದಿದ್ದರೆ ಅದೇ ಖುಲಾಸೆಯ ವಿರುದ್ಧ ಸರ್ಕಾರವೂ ಮುಂದೆ ಹೋಗುವಂತಿಲ್ಲ.

ಸಂತ್ರಸ್ತರ ಹಕ್ಕು ಬಂದದ್ದು ಬಹಳ ತಡವಾಗಿ. 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ, ಖುಲಾಸೆಯ ವಿರುದ್ಧ, ಕಡಿಮೆ ತೀವ್ರತೆಯ ಅಪರಾಧಕ್ಕಷ್ಟೇ ಶಿಕ್ಷೆಯಾದುದರ ವಿರುದ್ಧ ಇಲ್ಲವೆ ಪರಿಹಾರ ಸಾಲದೆಂಬ ಕಾರಣಕ್ಕೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಅವರಿಗೆ ಕೊಟ್ಟಿತು. ಈ ಹಕ್ಕಿಗೂ ಹೈಕೋರ್ಟಿನ ಅನುಮತಿ ಬೇಕೇ ಎಂಬ ಪ್ರಶ್ನೆಗೆ ಹೈಕೋರ್ಟುಗಳು ಒಂದೊಂದು ಉತ್ತರ ಕೊಡುತ್ತಿದ್ದವು. ಅದು ಇತ್ಯರ್ಥವಾದದ್ದು ಬಾಗಲಕೋಟೆಯಿಂದ ಹೊರಟ ಪ್ರಕರಣದಲ್ಲಿ. ಅಲ್ಲಿಯ ಸೆಷನ್ಸ್ ನ್ಯಾಯಾಲಯದ ಖುಲಾಸೆಯನ್ನು ಸಂತ್ರಸ್ತರು ಪ್ರಶ್ನಿಸಿದಾಗ, ಘಟನೆ ನಡೆದದ್ದು ತಿದ್ದುಪಡಿ ಜಾರಿಗೆ ಬರುವ ಮೊದಲು ಎಂಬ ಕಾರಣಕ್ಕೆ ಹೈಕೋರ್ಟು ಮೇಲ್ಮನವಿಯನ್ನು ತಿರಸ್ಕರಿಸಿತ್ತು. ಮಲ್ಲಿಕಾರ್ಜುನ ಕೊಡಗಲಿ ವಿರುದ್ಧ ಕರ್ನಾಟಕ ರಾಜ್ಯ ಎಂದು ವರದಿಯಾಗಿರುವ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಬಹುಮತದಿಂದ, ಲೆಕ್ಕಕ್ಕೆ ಬರುವುದು ಘಟನೆಯ ದಿನಾಂಕವಲ್ಲ, ಖುಲಾಸೆ ಆದೇಶದ ದಿನಾಂಕ ಎಂದಿತು. ಸಂತ್ರಸ್ತರಿಗೆ ಅನುಮತಿಯೂ ಬೇಡ ಎಂದಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಮದನ್ ಲೋಕೂರ್. ಅವರ ಜೊತೆಗಿದ್ದವರು ಕರಾವಳಿ ಕರ್ನಾಟಕದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್. ಅನುಮತಿ ಬೇಕೆಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ದೀಪಕ್ ಗುಪ್ತಾ.

ಚೆಕ್ ಅಮಾನ್ಯದ ಫಿರ್ಯಾದಿಯೂ ಸಂತ್ರಸ್ತನೇ ಎಂದು 2025ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ ಹೇಳಿದ ಮೇಲೆ ಸಾವಿರಾರು ಸಣ್ಣ ಪ್ರಕರಣಗಳ ದಾರಿ ಬದಲಾಯಿತು. ಸಂತ್ರಸ್ತರ ಮೇಲ್ಮನವಿ, ಶಿಕ್ಷೆಯಾಗಿದ್ದರೆ ಆರೋಪಿ ಎಲ್ಲಿಗೆ ಹೋಗುತ್ತಿದ್ದನೋ ಅಲ್ಲಿಗೇ ಸಲ್ಲಬೇಕು. ಮ್ಯಾಜಿಸ್ಟ್ರೇಟರ ತೀರ್ಪಾದರೆ ಅದು ಸೆಷನ್ಸ್ ನ್ಯಾಯಾಲಯ. ಇದರಿಂದ ಇನ್ನೊಂದು ವೈಪರೀತ್ಯ ಹುಟ್ಟಿದೆ. ಜಾಮೀನು ಸಿಗುವ ಹೊಡೆದಾಟದ ಪ್ರಕರಣದಲ್ಲಿ ಪೆಟ್ಟು ತಿಂದವನು ಜಿಲ್ಲಾ ಕೇಂದ್ರದಲ್ಲಿ, ಅನುಮತಿ ಬೇಡದೆ, ಮೇಲ್ಮನವಿ ಹಾಕಬಹುದು. ಅದೇ ತೀರ್ಪನ್ನು ಪ್ರಶ್ನಿಸಲು ಸರ್ಕಾರ ಹೈಕೋರ್ಟಿನ ಬಾಗಿಲಲ್ಲಿ ಅನುಮತಿಗೆ ನಿಲ್ಲಬೇಕು.

ಕಡತ ನಡೆಯುವ ಬಗೆ

ಖುಲಾಸೆಯಾದ ಪ್ರತಿಯೊಂದು ಪ್ರಕರಣವೂ ಮೇಲ್ಮನವಿಗೆ ಹೋಗುವುದಿಲ್ಲ, ಹೋಗಲೂಬಾರದು. ಮೊದಲ ಅಭಿಪ್ರಾಯ ಬರೆಯುವವರು ಆ ಕೋರ್ಟಿನಲ್ಲಿ ಪ್ರಕರಣ ನಡೆಸಿದ ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಎ.ಪಿ.ಪಿ. ತೀರ್ಪಿನ ದೃಢೀಕೃತ ನಕಲು ತೆಗೆದು, ಮೇಲ್ಮನವಿಗೆ ಯೋಗ್ಯವೋ ಅಲ್ಲವೋ ಎಂದು ಅವರು ಬರೆದ ಟಿಪ್ಪಣಿ ಮೇಲಕ್ಕೆ ಹೋಗುತ್ತದೆ. ಸೋತ ವಕೀಲನೇ ತನ್ನ ಸೋಲಿನ ಬಗ್ಗೆ ಮೊದಲ ವರದಿ ಬರೆಯುವ ಈ ಏರ್ಪಾಡಿನಲ್ಲಿ ಒಂದು ಕೊರತೆ ಇದ್ದೇ ಇದೆ. ಪ್ರತಿ ಖುಲಾಸೆಯನ್ನೂ ಪರಿಶೀಲಿಸಿ, ತನಿಖೆಯ ಲೋಪ ಯಾರದ್ದೆಂದು ಗುರುತಿಸುವ ಸಮಿತಿಯನ್ನು ಎಲ್ಲ ರಾಜ್ಯಗಳೂ ರಚಿಸಬೇಕೆಂದು ಸುಪ್ರೀಂ ಕೋರ್ಟ್ 2014ರ ಜನವರಿಯಲ್ಲಿ ಆದೇಶಿಸಿದ್ದು ಇಂಥ ಕೊರತೆಯನ್ನು ತುಂಬಲೆಂದೇ. ಹೊಸ ಸಂಹಿತೆ, 10 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಪ್ರಕರಣಗಳ ಮೇಲೆ ನಿಗಾ ಇಡುವುದರ ಜೊತೆಗೆ ಮೇಲ್ಮನವಿಯ ಬಗ್ಗೆ ಅಭಿಪ್ರಾಯ ಕೊಡುವ ಕೆಲಸವನ್ನೂ ಅಭಿಯೋಜನಾ ನಿರ್ದೇಶಕರಿಗೆ ವಹಿಸಿದೆ. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯವುಗಳ ಮೇಲೆ ಸಹಾಯಕ ನಿರ್ದೇಶಕರ ಕಣ್ಣು.

ಸರ್ಕಾರಕ್ಕಿರುವ ಗಡುವು 90 ದಿನ. ನಕಲು ಪಡೆಯಲು ತಗುಲಿದ ದಿನಗಳನ್ನು ಅದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ತಡವಾಗುವುದೇ ವಾಡಿಕೆ, ವಿಳಂಬ ಮನ್ನಾ ಅರ್ಜಿ ಜೊತೆಗೇ ಬರುತ್ತದೆ. ಕಡತ ಇಲಾಖೆಯಿಂದ ಇಲಾಖೆಗೆ ಹೋಗಿ ಬರುವಷ್ಟರಲ್ಲಿ ತಡವಾಯಿತೆಂಬ ಸಬೂಬನ್ನು ಹಾಗೆಯೇ ಒಪ್ಪಲಾಗದೆಂದು 2012ರಲ್ಲಿ ಅಂಚೆ ಇಲಾಖೆಯ ಒಂದು ಸಿವಿಲ್ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತನ್ನು ಆರೋಪಿ ಪರ ವಕೀಲರು ಇಲ್ಲೂ ಎತ್ತಿ ಹಿಡಿಯುತ್ತಾರೆ.

ಅನುಮತಿಯ ಹಂತದಲ್ಲಿ ಹೈಕೋರ್ಟು ನೋಡುವುದು ವಾದಕ್ಕೆ ಯೋಗ್ಯವಾದ ಅಂಶ ಇದೆಯೇ ಎಂದಷ್ಟೇ. ಖುಲಾಸೆ ಕೊನೆಗೆ ನಿಲ್ಲುತ್ತದೋ ಬೀಳುತ್ತದೋ ಎಂದು ಆಗಲೇ ತೀರ್ಮಾನಿಸಬಾರದು. ನಿರಾಕರಿಸುವುದಾದರೆ ಕಾರಣ ಕೊಡಬೇಕು ಎಂಬುದು 2004ರ ಸುಪ್ರೀಂ ಕೋರ್ಟ್ ತೀರ್ಪು.

ತೂಗುವ ಬಗೆ

ಮೇಲ್ಮನವಿ ದಾಖಲಾದ ಮೇಲೆ ಸಾಕ್ಷ್ಯವನ್ನು ಹೇಗೆ ನೋಡಬೇಕು ಎಂಬುದಕ್ಕೆ ಇಂದಿಗೂ ಆಧಾರ, 1934ರಲ್ಲಿ ಪ್ರಿವಿ ಕೌನ್ಸಿಲ್ ಶಿವ ಸ್ವರೂಪ್ ಪ್ರಕರಣದಲ್ಲಿ ಕೊಟ್ಟ ತೀರ್ಪು. ಸಾಕ್ಷ್ಯವನ್ನು ಪೂರ್ತಿ ಮರುಪರಿಶೀಲಿಸುವ ಅಧಿಕಾರ ಮೇಲಿನ ನ್ಯಾಯಾಲಯಕ್ಕಿದೆ. ಆದರೆ ಸಾಕ್ಷಿಗಳನ್ನು ಕಣ್ಣಾರೆ ಕಂಡ ನ್ಯಾಯಾಧೀಶರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು, ಆರೋಪಿ ನಿರ್ದೋಷಿ ಎಂಬ ಭಾವನೆ ಖುಲಾಸೆಯಿಂದ ಕಡಿಮೆಯಾಗಿಲ್ಲ ಎಂಬುದನ್ನು ನೆನಪಿಡಬೇಕು, ಸಂಶಯದ ಲಾಭ ಅವನಿಗೇ ಸಲ್ಲಬೇಕು. 1950ರ ದಶಕದಲ್ಲಿ ಖುಲಾಸೆಯನ್ನು ಕದಲಿಸಲು ಗಟ್ಟಿಯಾದ, ಒತ್ತಾಯದ ಕಾರಣಗಳಿರಬೇಕು ಎಂಬ ಮಾತು ಚಾಲ್ತಿಗೆ ಬಂದು, ಹೊಸದೊಂದು ನಿಯಮವೇ ಆದಂತೆ ಬಳಕೆಯಾಗತೊಡಗಿತ್ತು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿಪಡಿಸಿ ಹಳೆಯ ಸೂತ್ರಕ್ಕೇ ಮರಳಿತು. ಕರ್ನಾಟಕದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ, 2007ರಲ್ಲಿ, ನ್ಯಾಯಮೂರ್ತಿ ಸಿ.ಕೆ. ಠಕ್ಕರ್ ಇದೆಲ್ಲವನ್ನೂ ಒಟ್ಟುಗೂಡಿಸಿದರು. ಒಂದೇ ಸಾಕ್ಷ್ಯದಿಂದ ಎರಡು ತೀರ್ಮಾನ ಸಾಧ್ಯವಿದ್ದರೆ ಖುಲಾಸೆಯನ್ನು ಮುಟ್ಟಬಾರದು ಎಂಬ ಅದರ ಕೊನೆಯ ಸೂತ್ರವನ್ನು ಉಲ್ಲೇಖಿಸದ ಖುಲಾಸೆ ಮೇಲ್ಮನವಿ ತೀರ್ಪು ಈಗ ಅಪರೂಪ.

ಸಣ್ಣ ಪ್ರಕರಣಗಳ ಖುಲಾಸೆ ತೀರ್ಪುಗಳಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ. ಮಹಜರಿನ ಪಂಚ ಸಾಕ್ಷಿ ಕಟಕಟೆಗೆ ಬಂದು, ‘ಪೊಲೀಸರು ಸ್ಟೇಷನ್ನಿಗೆ ಕರೆದು ಸಹಿ ಹಾಕು ಅಂದರು, ಹಾಕಿದೆ, ಒಳಗೇನು ಬರೆದಿದ್ದಾರೋ ಗೊತ್ತಿಲ್ಲ’ ಎನ್ನುತ್ತಾನೆ. ಎ.ಪಿ.ಪಿ. ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ ಪಾಟೀಸವಾಲು ಮಾಡುತ್ತಾರೆ, ಏನೂ ಹೊರಬರುವುದಿಲ್ಲ. ಗಾಯಾಳು ಅಷ್ಟರಲ್ಲಿ ಎದುರಾಳಿಯ ಜೊತೆ ರಾಜಿಯಾಗಿರುತ್ತಾನೆ. ಉಳಿಯುವುದು ತನಿಖಾಧಿಕಾರಿಯ ಹೇಳಿಕೆಯೊಂದೇ. ಇಂಥ ಕಡತದ ಮೇಲೆ ಮೇಲ್ಮನವಿ ಹಾಕಿ ಫಲವಿಲ್ಲ. ವೈದ್ಯರ ಗಾಯ ಪ್ರಮಾಣಪತ್ರವನ್ನು ನೋಡದೆಯೇ ತೀರ್ಪು ಬರೆದಾಗ, ಒಪ್ಪಬಹುದಾದ ಒಬ್ಬನೇ ಸಾಕ್ಷಿಯನ್ನು ಒಬ್ಬನೆಂಬ ಕಾರಣಕ್ಕೇ ನಂಬದೆ ಬಿಟ್ಟಾಗ, ಕಲಂ ಅನ್ನೇ ತಪ್ಪಾಗಿ ಓದಿದಾಗ ಮಾತ್ರ ಅದಕ್ಕೆ ಅರ್ಥವಿದೆ. ಸಂಕ್ಷಿಪ್ತ ವಿಚಾರಣೆಯ ಪ್ರಕರಣಗಳಲ್ಲಿ ಇನ್ನೊಂದು ತೊಂದರೆ: ಅಲ್ಲಿ ಸಾಕ್ಷ್ಯದ ಸಾರವನ್ನಷ್ಟೇ ಬರೆದುಕೊಳ್ಳುವುದರಿಂದ ಮೇಲಿನ ನ್ಯಾಯಾಲಯಕ್ಕೆ ಓದಲು ಸಿಗುವುದು ಕಡಿಮೆ. 3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನೂ ಹೀಗೆ ವಿಚಾರಿಸಲು ಹೊಸ ಸಂಹಿತೆ ಅವಕಾಶ ಕೊಟ್ಟಿರುವುದರಿಂದ ಈ ತೊಂದರೆ ಹೆಚ್ಚುವ ಸಾಧ್ಯತೆಯಿದೆ.

ಆರೋಪಿಯ ಸ್ಥಿತಿ

ಮೇಲಿನ ನ್ಯಾಯಾಲಯ ಕರೆದರೆ ಹಾಜರಾಗುತ್ತೇನೆಂದು ಆರೋಪಿ, ತೀರ್ಪಿಗೆ ಮುಂಚೆಯೇ, 6 ತಿಂಗಳು ಊರ್ಜಿತವಿರುವ ಮುಚ್ಚಳಿಕೆ ಬರೆದುಕೊಡಬೇಕು. ಖುಲಾಸೆಯ ವಿರುದ್ಧ ಮೇಲ್ಮನವಿ ಬಂದಾಗ ಹೈಕೋರ್ಟು ಅವನ ಬಂಧನಕ್ಕೆ ವಾರಂಟ್ ಹೊರಡಿಸಲೂ ಬಹುದು, ಸಣ್ಣ ಪ್ರಕರಣಗಳಲ್ಲಿ ಜಾಮೀನೇ ಸಾಮಾನ್ಯ. ಆರೋಪಿ ಸತ್ತರೆ ಸರ್ಕಾರದ ಮೇಲ್ಮನವಿ ಅಲ್ಲಿಗೇ ಕೊನೆಗೊಳ್ಳುತ್ತದೆ. ಮೇಲ್ಮನವಿ ಗೆದ್ದರೂ ಆ ಅಪರಾಧಕ್ಕೆ ಮ್ಯಾಜಿಸ್ಟ್ರೇಟರು ಕೊಡಬಹುದಾಗಿದ್ದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡುವಂತಿಲ್ಲ.

ತೀರಾ ಕ್ಷುಲ್ಲಕ ಪ್ರಕರಣಗಳ ಮಟ್ಟಿಗೆ ಕಾನೂನಿನ ತಕ್ಕಡಿ ಸರ್ಕಾರದ ಕಡೆಗೇ ವಾಲಿದೆ ಎನ್ನಬೇಕಾಗುತ್ತದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು 100 ರೂಪಾಯಿಗೆ ಮೀರದ ದಂಡವನ್ನಷ್ಟೇ ಹಾಕಿದರೆ, ಸಂಕ್ಷಿಪ್ತ ವಿಚಾರಣೆಯಲ್ಲಾದರೆ 200 ರೂಪಾಯಿಗೆ ಮೀರದಿದ್ದರೆ, ಶಿಕ್ಷೆಯಾದವನಿಗೆ ಮೇಲ್ಮನವಿಯ ಹಕ್ಕೇ ಇಲ್ಲ. ಅದೇ ಪ್ರಕರಣದಲ್ಲಿ ಅವನು ಖುಲಾಸೆಯಾಗಿದ್ದರೆ, ಅನುಮತಿ ಪಡೆದು, ಸರ್ಕಾರ ಮೇಲ್ಮನವಿ ಹಾಕಬಹುದಿತ್ತು. ಖುಲಾಸೆಯನ್ನು ತಿರುಗಿಸಿ ಹೈಕೋರ್ಟು ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಇಲ್ಲವೆ ಅದಕ್ಕೆ ಮೀರಿದ ಸೆರೆ ವಿಧಿಸಿದವನಿಗೆ ಸುಪ್ರೀಂ ಕೋರ್ಟಿಗೆ ಹಕ್ಕಿನ ಮೇಲ್ಮನವಿ ಉಂಟು. ಹೀಗೆಯೇ ಮೊದಲ ಬಾರಿಗೆ ಹೈಕೋರ್ಟಿನಲ್ಲಿ ತಪ್ಪಿತಸ್ಥನಾದ ಟೆಂಪೊ ಚಾಲಕನಿಗೆ ಅದಿಲ್ಲ. ಸಂವಿಧಾನದ 136ನೇ ವಿಧಿಯಡಿ ದೆಹಲಿಗೆ ವಿಶೇಷ ಅನುಮತಿ ಅರ್ಜಿ ಹಾಕಿಕೊಳ್ಳುವುದೊಂದೇ ಅವನಿಗೆ ಉಳಿಯುತ್ತದೆ, ಅದನ್ನು ಸ್ವೀಕರಿಸುವುದು ಬಿಡುವುದು ಆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.